ಚಿಂದಿ ಕಟ್ಟಿದ ಹೀರೇಕಾಯಿ

ನನ್ನ ಕೈಗುಣದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಕಮಲಾಪುರದ ಮಣ್ಣಿನಲ್ಲಿ ನಾನು ಊರುಗೋಲು ಊರಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಬೇರು ಬಿಟ್ಟುಬಿಡುತ್ತದೆ. ಒಮ್ಮೆ ಅಂಗಳದಲ್ಲಿ ಹಲ್ಲುಕಡ್ಡಿ ಎಸೆದಿದ್ದೆ. ವರ್ಷದೊಳಗೆ ಅದರ ನೆರಳಿನಲ್ಲಿ ಎಮ್ಮೆ ಕಟ್ಟುತ್ತಿದ್ದರು. (ಎಮ್ಮೆ ಯಾರದೆಂದು ಕೇಳಬೇಡಿ. ನಮ್ಮದಂತೂ ಅಲ್ಲ.)

ಈ ಮಾತನ್ನು ನಾನು ನಮ್ಮೂರ ಗ್ರಂಥಾಲಯದಲ್ಲಿ, ಫ್ಯಾನಿನ ಕೆಳಗಿನ ಏಕೈಕ ಕುರ್ಚಿಯಲ್ಲಿ ಕೂತು ದಿನಾ ಹೇಳುತ್ತಿದ್ದೆ. ಕಲಬುರಗಿಯ ಸರಕಾರಿ ಕಚೇರಿಯಿಂದ ರಿಟೈರ್ ಆದ ಮೇಲೆ ಆ ಕುರ್ಚಿಯೇ ನನ್ನ ಸಿಂಹಾಸನ. ಮುಂಜಾನೆ ಪೇಪರಿನ ನೆಪದಲ್ಲಿ ಅಲ್ಲಿಗೆ ಓಡದಿದ್ದರೆ ಧರ್ಮಪತ್ನಿ ಶಿವಕಾಂತಮ್ಮ ಕೈಗೆ ಮೊರ ಕೊಟ್ಟು ತೊಗರಿ ಹಸನು ಮಾಡಲು ಕೂಡಿಸುತ್ತಾಳೆ. ಕಲ್ಲಿಗೂ ಕಾಳಿಗೂ ಭೇದವೆಣಿಸದ ಅದ್ವೈತಿ ನಾನು. ನನಗೆ ಆ ಕೆಲಸ ಒಗ್ಗದು.

ಊರಿಗೆ ಎಸ್‌ಟಿಡಿ ಬೂತ್ ಬಂದ ವರ್ಷವೇ ನಮ್ಮ ಗ್ರಂಥಪಾಲಕಿ ಇಕ್ಬಾಲ್ ಬೇಗಂ ಹೊಸ ಸೇವೆಯೊಂದನ್ನು ತೆರೆದರು: ಬೀಜ ಕಡ ಕೊಡುವುದು. ವಿಶ್ವಕೋಶ ಬರಬೇಕಾಗಿದ್ದ ಕಪಾಟಿನಲ್ಲಿ (ಅದು ನಾನು ಹುಟ್ಟುವ ಮೊದಲಿನಿಂದಲೂ ಬರುತ್ತಲೇ ಇದೆ) ಹೀರೆ, ಪುಂಡಿ, ಚವಳಿ, ಬದನೆ ಬೀಜದ ಬರಣಿಗಳು ಬಂದು ಕೂತವು. ಹಿಡಿ ಬೀಜ ಒಯ್ಯಬೇಕು, ಬೆಳೆದು ತಿನ್ನಬೇಕು, ಒಂದು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಅದರ ಬೀಜ ತಿರುಗಿ ಕೊಡಬೇಕು. ಕೊಡದವರಿಗೆ ಪುಸ್ತಕವಿಲ್ಲ, ಪೇಪರಿಲ್ಲ, ಫ್ಯಾನೂ ಇಲ್ಲ.

"ದೇವೀಂದ್ರಪ್ಪ ಕಾಕಾ, ನಿಮ್ಮ ಕೈಗುಣ ಭಾಳ ಕೇಳೀವಿ. ನಿಮ್ಮಿಂದನ ಶುರು ಆಗಲಿ," ಎಂದು ನನ್ನ ಕೈಗೆ ಹೀರೆಬೀಜ ಸುರಿದರು.

"ಒಂದು ಕಾಯಿದು ಏನು ಮೇಡಂ, ಬುಟ್ಟಿ ತುಂಬ ತರ್ತೀನಿ! ನಿಮಗ ಕಪಾಟು ಸಾಲಂಗಿಲ್ಲ."

ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. (ನಿದ್ದೆ ಮಾಡುತ್ತಿದ್ದವರು ಸಹ.)

ಬಳ್ಳಿ ಬಚ್ಚಲಮನೆಯ ತಗಡಿನ ಮೇಲೆ ಹಬ್ಬಿ ಕಾಯಿ ಬಿಟ್ಟಿತು. ಬೀಜಕ್ಕೆ ಬಿಟ್ಟ ಕಾಯಿಯನ್ನು ಯಾರೂ ಹರಿಯದಿರಲೆಂದು ನಮ್ಮ ಕಡೆ ಚಿಂದಿ ಕಟ್ಟುತ್ತಾರೆ. ಎಲ್ಲರೂ ಕಟ್ಟುವುದು ಒಂದಕ್ಕೆ. ಬುಟ್ಟಿ ತುಂಬ ಎಂದು ಬೊಗಳಿದವನು ನಾನು. ಕಂಡ ಕಂಡ ಕಾಯಿಗೆಲ್ಲ ಕಟ್ಟಿದೆ. ಹಳೆಯ ಧೋತರ ತೀರಿದ ಮೇಲೆ ದಿಂಬಿನ ಚೀಲಕ್ಕೂ ಕೈ ಹಾಕಿದೆ.

"ಇದು ಬಳ್ಳಿನೋ, ಧೋಬಿ ಘಾಟೋ?" ಎಂದಳು ಶಿವಕಾಂತಮ್ಮ. "ಪಲ್ಯಾಕ್ಕ ಒಂದರ ಬಿಡ್ರಿ."

"ಮುಟ್ಟಬ್ಯಾಡ. ಇವು ಸಾರ್ವಜನಿಕ ಸ್ವತ್ತು."

"ಮನ್ಯಾಗ ಇಷ್ಟು ಕಾಯಿ ಇಟಗೊಂಡು ಸಂತ್ಯಾಗ ಕೊಂಡು ತರಬೇಕಾ? ಮಂದಿ ನಗಂಗಿಲ್ಲೇನು?"

"ನಗಲಿ. ಜ್ಞಾನದ ಸೇವಾಕ್ಕ ತ್ಯಾಗ ಬೇಕಾಗ್ತದ."

"ನಿಮ್ಮ ತ್ಯಾಗ ಯಾವಾಗಲೂ ನನ್ನ ಒಲಿ ಮ್ಯಾಲೇ ಯಾಕ ಬೇಯ್ತದ್ರಿ?"

ಆಮೇಲೆ ಯಾಕೋ ಜಗಳ ಬಿಟ್ಟಳು. ತಟ್ಟೆಗೆ ಹೀರೇಕಾಯಿ ಪಲ್ಯ ಬರತೊಡಗಿತು. ಎಂಥ ರುಚಿ! ಜೋಳದ ರೊಟ್ಟಿ ತಾನಾಗಿಯೇ ಹಾರಿ ಬಾಯಿಗೆ ಬೀಳುತ್ತಿತ್ತು.

"ನೋಡು, ಸಂತಿ ಕಾಯಿ ಎಷ್ಟು ಭೇಷ್ ಅದಾವ! ಸುಮ್ಮನ ನನ್ನ ಬಳ್ಳಿ ಮ್ಯಾಲೆ ಕಣ್ಣು ಹಾಕಿದ್ದಿ."

"ಹೌದ್ರಿ, ಬೆಳೆದವರು ಪುಣ್ಯವಂತರು," ಎಂದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

ನಾನೂ ಎಚ್ಚರ ತಪ್ಪಿರಲಿಲ್ಲ. ದಿನಾ ಕೆಳಗೆ ನಿಂತು ಚಿಂದಿ ಎಣಿಸುತ್ತಿದ್ದೆ; ಒಂದೂ ಕಡಿಮೆಯಾಗಲಿಲ್ಲ. ಸರಕಾರಿ ನೌಕರಿಯಲ್ಲಿ ಕಲಿತ ವಿದ್ಯೆ ಅದು: ಮೊಹರು ನೋಡು, ಮಾಲು ನೋಡಬೇಡ.

ಬಳ್ಳಿ ಒಣಗಿದ ಮೇಲೆ ನಿಚ್ಚಣಿಕೆ ಹತ್ತಿದೆ. ಚಿಂದಿ ಬಿಚ್ಚಿದರೆ ಒಳಗೆ ಕಿರುಬೆರಳಿನಷ್ಟು ಒಣಗಿದ ಹೀಚು, ಬೀಜವೇ ಕಟ್ಟದ್ದು. ಮುಂದಿನದೂ ಹೀಚು. ಎಲ್ಲವೂ ಹೀಚು! ನನ್ನಾಕೆ ದಿನಾ ಒಳ್ಳೆಯ ಕಾಯಿ ಹರಿದು, ಅದರ ಚಿಂದಿಯನ್ನು ಪಕ್ಕದ ಹೀಚಿಗೆ ಕಟ್ಟುತ್ತ ಬಂದಿದ್ದಳು. ನಾನು ಹೊಗಳಿ ಹೊಗಳಿ ನುಂಗಿದ್ದು ಸಾರ್ವಜನಿಕ ಸ್ವತ್ತನ್ನೇ!

"ಮೋಸ!" ಎಂದು ಮೇಲಿಂದಲೇ ಗುಡುಗಿದೆ.

"ಪಲ್ಯಾ ಎರಡನೇ ಸಲ ನೀಡು ಅಂದವರು ನೀವಽ," ಎಂದು ಕೆಳಗಿಂದ ಉತ್ತರ ಬಂತು.

ಆದರೂ ಕುರ್ಚಿ ಉಳಿಸಿಕೊಳ್ಳಬೇಕಲ್ಲ! ಮರುದಿನ ಮೊದಲ ಬಸ್ಸಿಗೆ ಕಲಬುರಗಿಯ ನೆಹರು ಗಂಜ್ ಪೇಟೆಗೆ ಹೋಗಿ ಅಂಗಡಿಯಿಂದ ಹೀರೆಬೀಜದ ಪಾಕೀಟು ತಂದೆ. ಒಡೆದರೆ ಒಳಗೆಲ್ಲ ಗುಲಾಬಿ ಬಣ್ಣ! ಹುಳ ಹತ್ತದಿರಲೆಂದು ಕಂಪನಿಯವರು ಹಚ್ಚಿದ ಔಷಧ. ಬಸ್ ನಿಲ್ದಾಣದ ನಳದ ಕೆಳಗೆ ಹಿಡಿದು ತಿಕ್ಕಿದೆ. ಬೀಜದ ಬಣ್ಣ ಪೂರ್ತಿ ಬಿಡಲಿಲ್ಲ. ನನ್ನ ಕೈ ಮಾತ್ರ ಮದುಮಗಳ ಕೈಯಾಯಿತು.

ಬೀಜ ಕಾಗದದಲ್ಲಿ ಸುತ್ತಿಕೊಂಡು ಗ್ರಂಥಾಲಯ ಹೊಕ್ಕರೆ, ಫ್ಯಾನಿನ ಕೆಳಗೆ, ನನ್ನ ಸಿಂಹಾಸನದಲ್ಲಿ, ಚಷ್ಮಾ ಏರಿಸಿ ಪೇಪರು ಬಿಡಿಸಿಕೊಂಡು ಶಿವಕಾಂತಮ್ಮ!

"ನೀ ಇಲ್ಲೇನು ಮಾಡಾಕತ್ತಿ?"

"ಓದಾಕತ್ತೀನಿ. ಹಿತ್ತಲ ಕಡೆ ಒಂದು ಕಾಯಿ ಚಿಂದಿ ಕಟ್ಟದಽ ಬಿಟ್ಟಿದ್ದೆ. ಅದರ ಬೀಜ ಕೊಟ್ಟು ಮೆಂಬರ್ ಆದೆ. ಮೊರದಾಗ ತೊಗರಿ ಹಾಕಿಟ್ಟು ಬಂದೀನಿ, ಈ ಸಲ ಕಲ್ಲು ಭಾಳ ಅದಾವ."

"ಮೇಡಂ, ಅದು ನಾ ಒಯ್ದ ಬೀಜ!"

"ಒಯ್ದವರು ನೀವು ಕಾಕಾ, ತಂದವರು ಅವರು. ತಂದವರಿಗೇ ಕುರ್ಚಿ," ಎಂದ ಇಕ್ಬಾಲ್ ಬೇಗಂ ನನ್ನ ಪೊಟ್ಟಣ ಬಿಚ್ಚಿದರು. ಬೀಜ ನೋಡಿದರು. ನನ್ನ ಕೈ ನೋಡಿದರು. "ಇದೇನು, ನಿಮ್ಮ ಬಳ್ಳಿಗಿ ನಾಚಿಕಿ ಬಂದಿತ್ತೇನು?"

"ಮಣ್ಣಿನ ಗುಣ ಮೇಡಂ..."

"ಇಲ್ಲಿಂದ ಪುಸ್ತಕ ಒಯ್ದು ಕಿರಾಣಿ ಅಂಗಡಿ ಕ್ಯಾಲೆಂಡರ್ ತಂದಕೊಟ್ರ ಜಮಾ ಮಾಡ್ಕೋಬೇಕಾ?"

ಪೇಪರಿನ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ನಾನು ಧ್ವನಿ ತಗ್ಗಿಸಿದೆ. "ತಪ್ಪಾತು. ಇನ್ನೊಂದು ಹಿಡಿ ಬೀಜ ಕೊಡ್ರಿ, ಈ ಸಲ ಖರೇನ ಬೆಳೀತೀನಿ. ಕುರ್ಚಿ ಬ್ಯಾಡ, ಬಾಗಿಲ ಹತ್ರ ಒಂದು ಸ್ಟೂಲ್ ಆದ್ರೂ ಸಾಕು."

ಇಕ್ಬಾಲ್ ಬೇಗಂ ಹೀರೆಬೀಜದ ಬರಣಿಯ ಮುಚ್ಚಳವನ್ನು ಇನ್ನಷ್ಟು ಬಿಗಿದರು.

"ಕಾಕಾ, ಇಂಥಾ ಪಾಕೀಟಿನ ಮ್ಯಾಲೆ ಕಂಪನಿಯವರು 'ಮಕ್ಕಳ ಕೈಗೆ ಸಿಗದಂಗ ಇಡ್ರಿ' ಅಂತ ಬರದಿರ್ತಾರ. ನಮ್ಮ ಬರಣಿ ಮ್ಯಾಲೂ ಇವತ್ತ ಬರಸ್ತೀನಿ: 'ರಿಟೈರ್ ಆದವರ ಕೈಗೆ ಸಿಗದಂಗ ಇಡ್ರಿ.'"