ನಮ್ಮ ಮನೆಯ ನಿರುದ್ಯೋಗ ಪ್ರಮಾಣ

ಒಂದು ದೇಶದ ಆರೋಗ್ಯ ತಿಳಿಯಬೇಕಾದರೆ ಅಲ್ಲಿನ ಯುವಜನರ ನಿರುದ್ಯೋಗ ಪ್ರಮಾಣವನ್ನು ನೋಡಬೇಕು ಎಂದು ಪಂಡಿತರು ಹೇಳುತ್ತಾರೆ. ಪಂಡಿತರಿಗೆ ಎದುರಾಡುವ ಅಭ್ಯಾಸ ನನಗಿಲ್ಲ. ಆದರೆ ಅವರ ಶಾಸ್ತ್ರವೆಲ್ಲ ದೊಡ್ಡ ದೇಶಗಳಿಗೆ. ಗಲ್ಫಿನ ಮಿರ್ದಿಫ್ ಬಡಾವಣೆಯಲ್ಲಿರುವ ನಮ್ಮ ಎರಡು ಬೆಡ್‌ರೂಮಿನ ದೇಶದ ಜನಸಂಖ್ಯೆ ಮೂರು: ನಾನು, ಹೆಂಡತಿ ಸುಮತಿ, ಮಗ ನಿಖಿಲ. ಯುವಜನರ ಸಂಖ್ಯೆ ಒಂದು. ಡಿಗ್ರಿ ಮುಗಿಸಿ ವರ್ಷವಾದರೂ ಆ ಯುವಜನಾಂಗಕ್ಕೆ ಕೆಲಸವಿರಲಿಲ್ಲ; ಆದ್ದರಿಂದ ನಮ್ಮ ಪ್ರಮಾಣ ಶೇಕಡಾ ನೂರು. ದೊಡ್ಡ ದೇಶಗಳಿಗೆ ದಶಮಾಂಶದ ಹಿಂದೆ ಅಡಗಿಕೊಳ್ಳುವ ಸೌಕರ್ಯವಾದರೂ ಇದೆ.

ಈ ಶಾಸ್ತ್ರದಲ್ಲಿ ಒಂದು ಸೊಗಸಿದೆ. ಕೆಲಸ ಹುಡುಕುತ್ತಿರುವವನು ಮಾತ್ರ ನಿರುದ್ಯೋಗಿ. ಬೇಸತ್ತು ಹುಡುಕುವುದನ್ನೇ ಬಿಟ್ಟವನು ಲೆಕ್ಕದಿಂದ ಹೊರಗೆ. ಊಟದ ಹೊತ್ತಿನಲ್ಲಿ ಇದನ್ನು ಸುಮತಿಗೆ ಗಂಭೀರವಾಗಿ ವಿವರಿಸಿದೆ.

"ಹಾಗಾದ್ರೆ ಇವ ಮಧ್ಯಾಹ್ನದವರೆಗೆ ಮಲಗಿದ್ರೆ ದೇಶ ಉದ್ಧಾರ, ಎದ್ದು ಅರ್ಜಿ ಹಾಕಿದ್ರೆ ಹಾಳಾ?"

ಶಾಸ್ತ್ರ ಹಾಗೆಯೇ ಹೇಳುತ್ತದೆ ಎಂದೆ.

"ಅದನ್ನು ಬರೆದವರಿಗೆ ಮಕ್ಕಳಿಲ್ಲ ಮಾರಾಯ್ರೆ," ಎಂದು ಅವಳು ಸಾರು ಬಡಿಸಿದಳು.

ನಗುತ್ತಿದ್ದೆವಾದರೂ ಮೂವರ ತಲೆಯಲ್ಲೂ ಫೆಬ್ರವರಿ ಕುಳಿತಿತ್ತು. ಆ ತಿಂಗಳು ನಿಖಿಲನಿಗೆ ಇಪ್ಪತ್ತೈದು ತುಂಬುತ್ತಿತ್ತು. ಆಮೇಲೆ ಗಂಡುಮಗ ಅಪ್ಪನ ವೀಸಾದಲ್ಲಿ ಇರುವಂತಿಲ್ಲ. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಹುಟ್ಟಿ ಬೆಳೆದ ಊರನ್ನೇ ಬಿಟ್ಟು ಉಡುಪಿಗೆ ಹೋಗಬೇಕು. ರಜೆಗೆ ಹೋಗಿಬಂದ ಉಡುಪಿಯಲ್ಲಿ ಅವನಿಗೆ ದಾರಿ ಗೊತ್ತಿರುವುದು ಎರಡು ಐಸ್‌ಕ್ರೀಂ ಅಂಗಡಿಗಳಿಗೆ ಮಾತ್ರ.

ಒಂದು ಭಾನುವಾರ ಅವನು ಮೊಬೈಲಿನಿಂದ ತಲೆ ಎತ್ತಿದ. "ಪಪ್ಪ, ಎಲ್ಲರೂ ಫೈವ್ ಇಯರ್ಸ್ ಗಲ್ಫ್ ಎಕ್ಸ್‌ಪೀರಿಯೆನ್ಸ್ ಕೇಳ್ತಾರೆ. ಐ ವಾಸ್ ಬಾರ್ನ್ ಹಿಯರ್. ಟ್ವೆಂಟಿಫೋರ್ ಇಯರ್ಸ್ ಸಾಕಾಗುದಿಲ್ವಾ?"

ನನ್ನೊಳಗಿನ ಸಮಾಜ ಸುಧಾರಕ ಎದ್ದು ನಿಂತ. "ಐದು ವರ್ಷ ಅನುಭವ ಇದ್ದವ ಜೂನಿಯರ್ ಕ್ಲರ್ಕ್ ಆಗ್ಲಿಕ್ಕೆ ಯಾಕೆ ಬರ್ತಾನೆ? ಇದನ್ನೆಲ್ಲ ಬರೆಯುವ ಮೂರ್ಖ ಯಾರು?"

ನಿಖಿಲ ಮೊಬೈಲನ್ನು ನನ್ನತ್ತ ತಿರುಗಿಸಿದ. ಮೂರು ತಿಂಗಳ ಹಿಂದೆ ಅವನಿಗೆ ಬಂದ ಇಮೇಲ್. ಅಗತ್ಯ ಅನುಭವ ಇಲ್ಲದಿರುವುದಕ್ಕೆ ವಿಷಾದ, ಭವಿಷ್ಯ ಉಜ್ವಲವಾಗಲೆಂಬ ಹಾರೈಕೆ, ಕೆಳಗೆ ಅಲ್ ಕೂಜ್‌ನ ಒಂದು ಬಾಗಿಲು-ಕಿಟಕಿ ಕಂಪನಿಯ ಸಿಬ್ಬಂದಿ ಅಧಿಕಾರಿಯ ಹೆಸರು. ಆ ಹೆಸರು ನನ್ನದು.

"ಅರ್ಜಿ ಹಾಕಿದ್ದನ್ನು ಹೇಳ್ಬಾರದಿತ್ತಾ?"

"ನೀವು ನೋಡಿಯೇ ರಿಜೆಕ್ಟ್ ಮಾಡಿದ್ದು ಅಂತ ಅಂದ್ಕೊಂಡೆ. ಮಗ ಅಂತ ಫೇವರ್ ಮಾಡ್ಲಿಲ್ಲ. ಐ ವಾಸ್ ಪ್ರೌಡ್, ಆಕ್ಚುವಲಿ."

ಈ ಕೀರ್ತಿಯನ್ನು ಹಾಗೆಯೇ ಇಟ್ಟುಕೊಳ್ಳುವ ಆಸೆ ನನಗೆ ಒಂದು ಕ್ಷಣ ಆಗಲಿಲ್ಲ ಎಂದರೆ ಸುಳ್ಳು. ಆದರೆ ಸುಮತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ನೋಡಿದ್ರಾ ನೀವು?"

"ಇಲ್ಲ," ಎಂದೆ.

ನೋಡಿರಲಿಲ್ಲ. ಅನುಭವದ ಜಾಗದಲ್ಲಿ ಸೊನ್ನೆ ಕಂಡರೆ ನಾನು ಹೆಸರಿನವರೆಗೂ ಹೋಗುವವನಲ್ಲ. ಆ ಐದು ವರ್ಷದ ಸಾಲು ನನ್ನ ಹಿಂದಿನ ಅಧಿಕಾರಿಯ ಫೈಲಿನಲ್ಲಿತ್ತು. ಕುಲದೇವರನ್ನು ಪೂಜಿಸಿದಂತೆ ಅದನ್ನು ಪ್ರಶ್ನಿಸದೆ ನಡೆಸಿಕೊಂಡು ಬಂದಿದ್ದೆ. ಸುಮತಿ ನಗಲು ಶುರುಮಾಡಿದವಳು ಸೋಫಾದ ಮೇಲೆ ಕುಳಿತೇ ಬಿಟ್ಟಳು. ಮಗನೂ ನಕ್ಕ, ಸ್ವಲ್ಪ ತಡವಾಗಿ.

ಮರುದಿನ ಕಂಪನಿಯ ಮಾಲೀಕರಾದ ಜಬ್ಬಾರ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಭಟ್ಕಳದ ಹಿರಿಯರು, ಗಡ್ಡ ನೀವುತ್ತ ಕೇಳಿಸಿಕೊಂಡರು.

"ರಾಯರೇ, ನನ್ನ ತಂದೆ ನಿಮ್ಮನ್ನು ತಕ್ಕೊಂಡಾಗ ನಿಮಗೆಷ್ಟು ಗಲ್ಫ್ ಅನುಭವ ಇತ್ತು?"

"ಏರ್‌ಪೋರ್ಟಿನಿಂದ ಇಲ್ಲಿಗೆ ಟ್ಯಾಕ್ಸಿಯಲ್ಲಿ ಬಂದಷ್ಟು."

"ಹಾಗಾದ್ರೆ ಆ ಸಾಲು ಖಲಾಸ್. ಹುಡುಗನನ್ನು ಕಳಿಸಿ, ನಾನೇ ಮಾತಾಡ್ತೇನೆ. ನೀವು ಮಾತ್ರ ಹೊರಗೆ ಕೂತ್ಕೊಳ್ಳಿ."

ಹೊರಗೆ ಕುಳಿತೆ. ಅಭ್ಯರ್ಥಿಗಳಿಗೆಂದು ನಾನೇ ತರಿಸಿದ ಆ ಕುರ್ಚಿ ಎಷ್ಟು ಗಟ್ಟಿಯೆಂದು ಅಂದು ತಿಳಿಯಿತು. ಮುಕ್ಕಾಲು ಗಂಟೆಯ ನಂತರ ನಿಖಿಲ ಗೋದಾಮಿನ ರವಾನೆ ವಿಭಾಗದ ಗುಮಾಸ್ತನಾಗಿ ಹೊರಬಂದ. ಹುಟ್ಟುಹಬ್ಬಕ್ಕೆ ಹತ್ತು ದಿನ ಮುಂಚೆ ಹೊಸ ವೀಸಾ ಬಂತು. ನಮ್ಮ ದೇಶದ ನಿರುದ್ಯೋಗ ಪ್ರಮಾಣ ಒಂದೇ ದಿನದಲ್ಲಿ ನೂರರಿಂದ ಸೊನ್ನೆಗೆ ಇಳಿಯಿತು. ಯಾವ ಅರ್ಥಮಂತ್ರಿಗೂ ಒದಗದ ಯೋಗ.

ಅವನು ಕೆಲಸಕ್ಕೆ ಸೇರಿದ ದಿನ ಸಂಜೆ ಸೇರ್ಪಡೆ ಫಾರಂ ನನ್ನ ಮೇಜಿಗೆ ಬಂತು. ಅದೂ ನಾನೇ ರೂಪಿಸಿದ್ದು. ಕೊನೆಯಲ್ಲಿ ಒಂದು ಪ್ರಶ್ನೆ: ಈ ಅಭ್ಯರ್ಥಿಯನ್ನು ಹಿಂದೆ ನಿರಾಕರಿಸಿದ್ದರೆ, ಕಾರಣವೇನು? ಬಹಳ ಹೊತ್ತು ಯೋಚಿಸಿ, 'ಅನುಭವದ ಕೊರತೆ' ಎಂದು ಬರೆದೆ. ಯಾರದ್ದು ಎಂದು ಕೇಳುವ ಜಾಗ ಫಾರಂನಲ್ಲಿ ಇರಲಿಲ್ಲ. ಸಿಬ್ಬಂದಿ ಅಧಿಕಾರಿಯಾಗಿ ಅದನ್ನು ಸೇರಿಸುವ ಅಧಿಕಾರ ನನಗಿತ್ತು, ಸೇರಿಸಲಿಲ್ಲ.