ಬಾಡಿನ ದಿನ ದೇವರ ಪುಸ್ತಕ

ಪುಕ್ಕಟೆ ಸಿಕ್ಕರೆ ನಮ್ಮ ಜನ ಏನನ್ನೂ ಬಿಡುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಚುನಾವಣೆಯ ಟೋಪಿ, ಟ್ಯೂಷನ್ ಸೆಂಟರಿನವರ ಬೀಸಣಿಗೆ, ಬೀಜದ ಕಂಪನಿಯ ಚೀಲ, ಯಾರು ಏನು ಕೊಟ್ಟರೂ ನಾನಂತೂ ಎರಡೆರಡು ತಂದಿದ್ದೇನೆ. ಆದರೆ ಬೀದಿಯಲ್ಲಿ ನಿಂತು ಗುರುತಿಲ್ಲದವರಿಗೆ ದೇವರ ಪುಸ್ತಕ ಹಂಚಿ ನೋಡಿ, ಆಗ ಗೊತ್ತಾಗುತ್ತದೆ. ದೇವರನ್ನು ನಂಬದವರು ಬೇಡವೆಂದರೆ ಹೋಗಲಿ ಎನ್ನಬಹುದು. ನಮ್ಮ ಹಿರಿಯೂರಿನಲ್ಲಿ ಬೇಡವೆನ್ನುವವರೆಲ್ಲ ಮಹಾ ದೈವಭಕ್ತರು.

ಇಷ್ಟಕ್ಕೆಲ್ಲ ಕಾರಣ ನನ್ನ ಕಾಲು. ಸ್ಕೂಟರಿನಿಂದ ಬಿದ್ದು ನಾನು ಮಂಚ ಹಿಡಿದಾಗ ನನ್ನ ಹೆಂಡತಿ ಗೌರಮ್ಮ, ಕಾಲು ನೆಟ್ಟಗಾದರೆ ಆಂಜನೇಯನ ಸ್ತೋತ್ರದ ಪುಸ್ತಕ ಹಂಚುವುದಾಗಿ ಹರಕೆ ಹೊತ್ತಳು. ಹರಕೆ ಅವಳದು, ಕೆಲಸ ನನ್ನದು. ಷರತ್ತುಗಳೂ ಅವಳವೇ. ನಾನೇ ಕೈಯಾರೆ ಕೊಡಬೇಕು, ಬೀದಿಯಲ್ಲೇ ಕೊಡಬೇಕು, ಪರಿಚಯದವರಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ. ಪುಸ್ತಕ ಮುಗಿಯುವ ತನಕ ಮನೆಯಲ್ಲಿ ಬಾಡು ಬೇಯುವುದಿಲ್ಲ, ನೀವು ಹೊರಗೂ ತಿನ್ನಕೂಡದು ಎಂದುಬಿಟ್ಟಳು. ನಾನು ಕುರಿ ಸಾಕಿದ ಮನೆತನದಲ್ಲಿ ಹುಟ್ಟಿದವನು. ಹಬ್ಬ ತಪ್ಪಿಸಿಯೇನು, ಭಾನುವಾರದ ಬಾಡು ತಪ್ಪಿಸಿದವನಲ್ಲ. ಕಾಲು ವಾಸಿಯಾದ ದಿನ ನನ್ನ ಕಣ್ಣಲ್ಲಿ ನೀರು ಬಂತು, ಗೌರಮ್ಮ ಅದನ್ನು ಆನಂದಬಾಷ್ಪ ಎಂದುಕೊಂಡಳು.

ನನ್ನ ಆತುರ ನೋಡಿ, ಮೊದಲ ಭಾನುವಾರ ಮಧ್ಯಾಹ್ನವೇ ಪುಸ್ತಕದ ಕಟ್ಟು ಹಿಡಿದು ಬಸ್ ನಿಲ್ದಾಣದ ಮುಂದೆ ನಿಂತೆ. ಬಸ್ಸಿಗೆ ಕಾಯುತ್ತಿದ್ದ ಯಜಮಾನರೊಬ್ಬರು ಖುಷಿಯಿಂದ ಕೈಚಾಚಿ, ಮುಖಪುಟದ ಆಂಜನೇಯನನ್ನು ಕಂಡದ್ದೇ ಕೆಂಡ ಮುಟ್ಟಿದವರಂತೆ ಹಿಂದೆಳೆದುಕೊಂಡರು.

"ಈಗ ತಾನೇ ಬಾಡು ಉಂಡು ಬಂದೀನಿ ಕಣಪ್ಪ. ಮುಟ್ಟಿಸ್ಬ್ಯಾಡ."

"ನೀವು ಮುಟ್ಟೋದು ಬ್ಯಾಡ ಬಿಡ್ರಿ, ನಾನೇ ಚೀಲಕ್ಕೆ ಹಾಕ್ತೀನಿ."

"ಚೀಲದಾಗೂ ಅದೇ ಐತೆ," ಎಂದು ಅವರು ಚೀಲವನ್ನು ಎದೆಗವಚಿಕೊಂಡರು. ಆ ಚೀಲದಿಂದ ಬಂದ ಘಮದ ಬಗ್ಗೆ ನಾನು ಹೆಚ್ಚು ಹೇಳಲಾರೆ.

ಆವತ್ತು ಇಡೀ ನಿಲ್ದಾಣವೇ ಬಾಡು ಉಂಡಿತ್ತು. ಉಣ್ಣದ ಒಬ್ಬಿಬ್ಬರು ಸ್ನಾನ ಮಾಡಿರಲಿಲ್ಲ. ಒಬ್ಬಾಕೆ ಮಾತ್ರ ಚಪ್ಪಲಿ ಬಿಟ್ಟು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಅದರ ಮೇಲೆ ಹತ್ತು ರೂಪಾಯಿ ಇಟ್ಟು, ಮಂಗಳಾರತಿ ತಟ್ಟೆಯ ಹಾಗೆ ನನಗೇ ವಾಪಸ್ಸು ಕೊಟ್ಟು ಹೋದಳು. ಊರು ಬದಲಿಸಿದರೂ ಪ್ರಯೋಜನವಾಗಲಿಲ್ಲ. ಚಿತ್ರದುರ್ಗದಲ್ಲಿ ಮೊದಲು ಎದುರಾದವನು ನನ್ನ ಷಡ್ಡಕ. ಹೊಸದುರ್ಗದ ಸಂತೆಬೀದಿಯಲ್ಲಿ ಬೀಗರ ಕಡೆಯವರೇ ತುಂಬಿದ್ದರು. ಹೊಳಲ್ಕೆರೆಯಲ್ಲಿ ಪೂರ್ತಿ ಅಪರಿಚಿತನೆಂದು ನಂಬಿ ಒಬ್ಬನ ಕೈಗೆ ಪುಸ್ತಕ ಇಟ್ಟರೆ, ಅವನು ನಕ್ಕು, "ಗೌರಕ್ಕ ಹೆಂಗದಾಳೆ ಮಾವ?" ಎಂದ. ಪುಸ್ತಕ ಕಿತ್ತುಕೊಂಡು ಬಂದೆ.

ಬೇಳೆಸಾರಿನ ಭಾನುವಾರಗಳು ಸಾಲುಗಟ್ಟಿದ ಮೇಲೆ ನನ್ನ ತಲೆ ಓಡಿತು. ಮಾರಿಕಣಿವೆಯ ಅಮ್ಮನಿಗೆ ಪರ ಮಾಡಲು ದೂರದವರು ಟೆಂಪೊ ಮಾಡಿಕೊಂಡು ಬರುತ್ತಾರೆ. ಮರಿ ಕಡಿದು, ಮರದಡಿ ಬೇಯಿಸಿ, ಬಳಗಕ್ಕೆಲ್ಲ ಬಡಿಸುತ್ತಾರೆ. ಅಡುಗೆ ಆಗಿ ಅಮ್ಮನಿಗೆ ಎಡೆ ಇಡುವ ತನಕ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ, ಮಿಂದು ಮಡಿಯಲ್ಲಿರುತ್ತಾರೆ. ನುಗ್ಗಬೇಕಾದದ್ದು ಆ ಸಂದಿಯಲ್ಲಿ. ಮಂಗಳವಾರ ಬೆಳಿಗ್ಗೆ ಗೌರಮ್ಮ ನನ್ನ ಹಣೆಗೆ ಧಾರಾಳವಾಗಿ ವಿಭೂತಿ ಬಳಿದು, ಬಿಳಿ ಶಲ್ಯ ಹೊದಿಸಿ, "ಹಿಂಗೋದ್ರೆ ಯಾರೂ ಇಲ್ಲ ಅನ್ನಲ್ಲ" ಎಂದು ಕಳಿಸಿದಳು.

ಅವಳ ಮಾತು ನಿಜವಾಯಿತು. ತುರುವನೂರು ಕಡೆಯಿಂದ ಬಂದಿದ್ದ ದೊಡ್ಡ ಬಳಗವೊಂದು, ತಲೆಗೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ, ರಸ್ತೆಯಲ್ಲಿ ನನ್ನನ್ನು ಮುತ್ತಿಕೊಂಡು ಪುಸ್ತಕ ಇಸಿದುಕೊಂಡಿತು. ಕೊನೆಯದು ಒಬ್ಬ ಅಜ್ಜಿಯ ಕೈ ಸೇರಿತು. ಹರಕೆ ತೀರಿತು. ನನಗೆ ಅಲ್ಲೇ ಕುಣಿದುಬಿಡುವಷ್ಟು ಸಂತೋಷವಾಯಿತು. ಅಮ್ಮನಿಗೆ ಎಡೆಯೂ ಆಗಿ, ಸರಿಯಾಗಿ ಆ ಹೊತ್ತಿಗೆ ಹಂಡೆಯ ಮುಚ್ಚಳ ತೆಗೆದರು.

"ಉಂಡ್ಕಂಡೇ ಹೋಗ್ಬೇಕು, ಬರ್ರಿ, ಕುಂತ್ಕಳ್ರಿ," ಎಂದರು ಅಜ್ಜಿ. ಎರಡನೇ ಸಲ ಹೇಳಿಸಿಕೊಳ್ಳದೆ ಪಂಕ್ತಿಯ ನಡುವೆ ಕುಳಿತೆ. ಅಜ್ಜಿ ಗಾಬರಿಯಾಗಿ ನನ್ನನ್ನು ಎಬ್ಬಿಸಿ, ದೂರದ ಬೇವಿನ ಮರದ ಕೆಳಗೆ ಚಾಪೆ ಹಾಕಿಸಿದರು.

"ಲೇ, ಸ್ವಾಮೇರು ಕುಂತಾರೆ, ಬಾಡಿನ ಸೌಟು ಈ ಕಡೆ ತರಬ್ಯಾಡ್ರಿ, ವಾಸ್ನೆ ಬಡೀತೈತೆ."

ನನ್ನ ಮುಂದೆ ಒಂದು ಲೋಟ ಹಾಲು ಮತ್ತು ಬಾಳೆಹಣ್ಣು ಬಂದವು. ನಾನೂ ತಿನ್ನುವವನೇ ತಾಯಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಳಗದ ಗಂಡ ಹೆಂಡತಿ ಇಬ್ಬರು ಕಂಕುಳ ಕೂಸಿನ ಸಮೇತ ಬಂದು ಕಾಲಿಗೆ ಬಿದ್ದರು. ತೆರೆದ ಬಾಯಲ್ಲಿ ಆಶೀರ್ವಾದವೇ ಬಂತು.

"ಸ್ವಾಮೇರು ಹುಟ್ಟಿದಾಗಿಂದ್ಲೂ ಮುಟ್ಟಿಲ್ವೇನ್ರಿ?" ಎಂದು ಅಜ್ಜಿ ಭಕ್ತಿಯಿಂದ ಕೇಳಿದರು.

"ಮೂಸಿ ಸಹ ನೋಡಿಲ್ಲಮ್ಮ," ಎಂದೆ.

ಅಜ್ಜಿ ಪಂಕ್ತಿಯ ಕಡೆ ತಿರುಗಿ, "ನೋಡ್ರಲೇ, ಇದ್ರೆ ಹಿಂಗಿರ್ಬೇಕು" ಎಂದರು. ಮೂಳೆ ಚೀಪುತ್ತಿದ್ದವರೆಲ್ಲ ಚೀಪುವುದನ್ನು ಒಂದು ಗಳಿಗೆ ನಿಲ್ಲಿಸಿ ನನಗೆ ತಲೆಬಾಗಿದರು. ನಾನು ಅವರೆಲ್ಲರನ್ನೂ ಕೈಯೆತ್ತಿ ಹರಸಿ, ಬಾಳೆಹಣ್ಣು ಸುಲಿದೆ.