ಅತ್ತೆ ಕೇಳಿದ ಪಾಲ

ಊರನ್ನು ಉದ್ಧಾರ ಮಾಡಬೇಕೆಂದು ಜನ ಪಂಚಾಯ್ತಿಗೆ ಸೇರುತ್ತಾರೆ. ನಮ್ಮ ಸೋದರತ್ತೆ ಸೇರಿದ್ದು ಊರು ಹಾಳಾಗುವುದನ್ನು ಹತ್ತಿರದಿಂದ ನೋಡಲಿಕ್ಕೆ! ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ಮೊದಲ ಸಭೆಯಲ್ಲಿ ಅಧ್ಯಕ್ಷರು, ನಿಮಗೆ ಯಾವ ಕೆಲಸದಲ್ಲಿ ಆಸಕ್ತಿ ಎಂದು ಮರ್ಯಾದೆಗೆ ಕೇಳಿದರು. ಅತ್ತೆ ಸೆರಗು ಹೊದ್ದುಕೊಂಡು ಹೇಳಿದಳು: "ಯಾವ ಕೆಲ್ಸನೂ ಆಗಕಿಲ್ಲ. ಹೆಂಗೆ ಆಗಕಿಲ್ಲ ಅಂತ ನೋಡನ ಅಂತ ಬಂದೆ."

ಅದು ಕೊಡಗು ರಾಜ್ಯದ ಕೊನೆಯ ವರ್ಷ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ ಇತ್ತು, ನಮ್ಮದೇ ಮಂತ್ರಿಗಳಿದ್ದರು. ಇಂದೋ ನಾಳೆಯೋ ಮೈಸೂರಿಗೆ ಸೇರಿಸುತ್ತಾರಂತೆ ಎಂಬ ಸುದ್ದಿಯೂ ಇತ್ತು. ಕುಶಾಲನಗರದಿಂದ ಒಳಗಿರುವ ನಮ್ಮ ಊರಿನಲ್ಲಿ ಹಾಸನದ ಕಡೆಯಿಂದ ಬಂದು ನೆಲೆ ನಿಂತ ಗೌಡರ ಮನೆಗಳೇ ಹೆಚ್ಚು. ಪಂಚಾಯ್ತಿಯಲ್ಲಿ ಹೆಂಗಸೊಬ್ಬಳಿರಲಿ ಎಂದು ಮೇಲಿನವರು ಹೇಳಿದರಂತೆ. ಗಂಡಸರ ಎದುರು ನಿಂತು ಮಾತಾಡುವ ಹೆಂಗಸು ಊರಿಗೆಲ್ಲ ಒಬ್ಬಳೇ, ಗಂಡ ತೀರಿಕೊಂಡು ತವರಿಗೆ ಬಂದಿದ್ದ ನಮ್ಮ ಅತ್ತೆ. ಹಾಗಾಗಿ ಆಯ್ಕೆಯ ಕಷ್ಟವೇ ಬರಲಿಲ್ಲ. ಅವಳೊಬ್ಬಳನ್ನೇ ಸಭೆಗೆ ಕಳಿಸುವುದು ಹೇಗೆಂದು ಜೊತೆಗೆ ನನ್ನನ್ನು ಅಟ್ಟಿದರು. ನಾನು ಇಂಟರ್‌ಮೀಡಿಯೆಟ್ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಫೇಲಾಗುತ್ತೇನೆಂದು ಪರೀಕ್ಷೆಗೆ ಮುಂಚೆಯೇ ಹೇಳಿದ್ದವಳೂ ಅತ್ತೆಯೇ!

ಅವಳ ಬಾಯಿಂದ ಒಳ್ಳೆಯದನ್ನು ಕೇಳಿದ ನೆನಪು ನನಗಿಲ್ಲ. ಯಾರಾದರೂ ಪ್ರಯಾಣ ಹೊರಟರೆ "ಬಸ್ಸು ಹೋಗಿರ್ತದೆ" ಅನ್ನುತ್ತಿದ್ದಳು. ಹಸು ಗಬ್ಬವಾದರೆ ಹೋರಿಗರು ಎಂದು ಆಗಲೇ ತೀರ್ಪು. ಮದುವೆ ಮನೆಯಲ್ಲಿ ಗಂಡಿನ ಮುಖ ಒಂದು ಗಳಿಗೆ ನೋಡಿ ನಿಟ್ಟುಸಿರು ಬಿಟ್ಟರೆ ಹೆಣ್ಣಿನ ತಾಯಿಗೆ ಮೂರು ದಿನ ನಿದ್ದೆ ಇಲ್ಲ. ಬಾಣಂತಿ ಇರುವ ಮನೆಯವರು ಅತ್ತೆ ಬರುವುದನ್ನು ಕಂಡರೆ ಕೂಸನ್ನು ಒಳಗೆ ಮಲಗಿಸಿ, ಈಗ ತಾನೇ ನಿದ್ದೆ ಹತ್ತಿತು ಎಂದು ಸುಳ್ಳು ಹೇಳುತ್ತಿದ್ದರು. ಇಂಥವಳ ಕೈಗೆ ಒಂದು ಊರಿನ ಆಡಳಿತ ಸಿಕ್ಕಿದರೆ?

ಮೊದಲು ಬಂದದ್ದು ದೀಪದ ವಿಷಯ. ಗಾಡಿರಸ್ತೆಗಳು ಕೂಡುವಲ್ಲಿ ಕಂಬ ನೆಟ್ಟು ಲಾಟೀನು ತೂಗುಹಾಕುವುದೆಂದು ಅಧ್ಯಕ್ಷರ ಆಸೆ. ಅವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಕೊಡವರು. ಬೆಳಕಿದ್ದರೆ ಶಿಸ್ತು ಬರುತ್ತದೆಂದು ನಂಬಿದ್ದವರು. ದೀಪ ಇಟ್ಟರೆ ಕಳ್ಳನಿಗೆ ದಾರಿ ಕಾಣುತ್ತದೆ, ಅಷ್ಟೇ, ಎಂದಳು ಅತ್ತೆ. ಎಲ್ಲರೂ ನಕ್ಕರು. ದೀಪ ಹತ್ತಿಸಿದ ವಾರದೊಳಗೆ ಕಳ್ಳ ಬಂದ. ಅವನಿಗೆ ದಾರಿ ಎಷ್ಟು ಚೆನ್ನಾಗಿ ಕಂಡಿತೆಂದರೆ, ಕದ್ದುಕೊಂಡು ಹೋದದ್ದು ಆ ಲಾಟೀನನ್ನೇ!

ಆಮೇಲೆ ಆನೆಯದು. ಪೈರಿಗೆ ಬಿದ್ದ ದನಗಳನ್ನು ಕೂಡಿಹಾಕಿ ದಂಡ ವಸೂಲು ಮಾಡಲು ಪಂಚಾಯ್ತಿ ಒಂದು ದೊಡ್ಡಿ ಕಟ್ಟಿಸಿತ್ತು. ಬೇಲಿ ನೋಡಿದ ಅತ್ತೆ, ಇದು ಆನೆಗಾಗಿ ಕಟ್ಟಿದ ಹಾಗಿದೆ ಎಂದಿದ್ದಳು. ದುಬಾರೆ ಕಡೆಯ ಕಾಡಿನಿಂದ ಒಂದು ಸಲಗ ಬಂದು, ಬೇಲಿಯನ್ನು ಮುರಿದು, ಎಲ್ಲ ದನಗಳನ್ನೂ ಪುಕ್ಕಟೆ ಬಿಡುಗಡೆ ಮಾಡಿ ಹೋಯಿತು. ಅಧ್ಯಕ್ಷರಿಗೆ ಸಿಟ್ಟು ಬಂತು. ಆನೆ ಯಾರದು? ಸರ್ಕಾರದ್ದು. ಹಾಗಾದರೆ ದನದ ಒಡೆಯನ ಹಾಗೆ ಸರ್ಕಾರವೂ ದಂಡ ಕಟ್ಟಲಿ! ಠರಾವು ಪಾಸಾಯಿತು. ಅರಣ್ಯದವರು ಬಹಳ ವಿನಯದಿಂದ ಉತ್ತರ ಬರೆದರು. ಸದರಿ ಆನೆಯನ್ನು ಪಂಚಾಯ್ತಿಯವರು ಹಿಡಿದು ದೊಡ್ಡಿಯಲ್ಲಿ ಕಟ್ಟಿದ್ದಲ್ಲಿ, ದಂಡ ತೆತ್ತು ಬಿಡಿಸಿಕೊಂಡು ಹೋಗಲು ತಾವು ಸಿದ್ಧ ಎಂದು.

ಇಲ್ಲಿಯವರೆಗೆ ನಗುವ ಮಾತು. ಇನ್ನು ತೊರೆಯ ವಿಷಯ ಹೇಳಬೇಕು.

ನಮ್ಮ ಊರಿಗೂ ಆಚೆ ಊರಿಗೂ ನಡುವೆ ಒಂದು ತೊರೆ ಇದೆ. ಬೇಸಿಗೆಯಲ್ಲಿ ಮೊಣಕಾಲು ನೀರು. ಮಳೆ ಹಿಡಿದರೆ ಮಾತ್ರ ಅದು ತಾನು ತೊರೆಯೆಂಬುದನ್ನೇ ಮರೆಯುತ್ತದೆ. ಎರಡು ದಿಮ್ಮಿ ಜೋಡಿಸಿ ಹಾಕಿಕೊಂಡಿದ್ದನ್ನು ಮೊದಲ ಪ್ರವಾಹ ಕಾವೇರಿಗೆ ಒಪ್ಪಿಸುತ್ತಿತ್ತು. ಒಳ್ಳೆಯ ಮರ ಕಡಿದು ಗಟ್ಟಿಯಾಗಿ ಕಟ್ಟೋಣವೆಂದರೆ, ನೆಲ ನಮ್ಮದಾದರೂ ಮರ ಸರ್ಕಾರದ್ದು. ಆಚೆ ದಡದ ಮೊದಲನೆಯ ಮನೆಗೆ ಅತ್ತೆಯ ಮಗಳು ಗೌರಿಯನ್ನು ಕೊಟ್ಟಿತ್ತು. ಅತ್ತೆ ಐದು ಹೆತ್ತು ಉಳಿಸಿಕೊಂಡದ್ದು ಆ ಒಬ್ಬಳನ್ನು. ನಮ್ಮ ಗದ್ದೆ ಬದುವಿನಲ್ಲಿ ನಿಂತರೆ ಗೌರಿಯ ಅಂಗಳ ಕಾಣುತ್ತಿತ್ತು. ಅವಳು ಗುಡಿಸುವುದು, ಬಟ್ಟೆ ಒಣಹಾಕುವುದು ಎಲ್ಲವನ್ನೂ ಅತ್ತೆ ದಿನಾ ಒಂದು ಸಲ ನೋಡಿ ಬಂದು, ಸೊರಗಿದ್ದಾಳೆ ಎಂದು ನಮಗೆ ವರದಿ ಒಪ್ಪಿಸುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಗೌರಿ ಬಸುರಿ ಎಂದು ಗೊತ್ತಾಯಿತು. ಚೊಚ್ಚಲು. ಲೆಕ್ಕ ಹಾಕಿದರೆ ಹೆರಿಗೆ ಆಷಾಢದ ನಡು ಮಳೆಯಲ್ಲಿ. ಬೇಸಿಗೆಯಲ್ಲೇ ತವರಿಗೆ ಕರೆತಂದರೆ ಆಯಿತಲ್ಲ ಎಂದು ಅಪ್ಪ ಹೇಳಿದರೆ ಅತ್ತೆ ಒಪ್ಪಲಿಲ್ಲ. ಏನೋ ಒಂದು ಅಡ್ಡ ಬಂದೇ ಬರುತ್ತದೆ, ಮಳೆಗೆ ಮುಂಚೆ ದಾಟಲಿಕ್ಕೆ ಒಂದು ದಾರಿ ಆಗಲೇಬೇಕು ಎಂದು ಹಟ ಹಿಡಿದಳು. ಅವಳು ಒಂದು ಕೆಲಸ ಆಗಲೇಬೇಕು ಎಂದದ್ದನ್ನು ಆ ಪಂಚಾಯ್ತಿ ಅಂದು ಮೊದಲ ಸಲ ಕೇಳಿತು.

ಠರಾವು ಬರೆಯುವಾಗ ಪದದ ಪ್ರಶ್ನೆ ಎದ್ದಿತು. ನಾವು ಸಂಕ ಅನ್ನುತ್ತಿದ್ದೆವು. ಅಧ್ಯಕ್ಷರು ಪಾಲ ಅನ್ನುತ್ತಿದ್ದರು. ಕೊಡವರಿಗೂ ಮಲೆಯಾಳಿಗಳಿಗೂ ಸೇತುವೆ ಅಂದರೆ ಪಾಲವೇ. ತಲಚೇರಿ ಕಡೆಯ ನಮ್ಮ ಗುಮಾಸ್ತರು ಮಾತ್ರ, ತಾವೇ ಮಲೆಯಾಳಿಯಾದರೂ, ಕನ್ನಡದಲ್ಲಿ ಸೇತುವೆ ಎಂದೇ ಬರೆಯಬೇಕೆಂದು ಲೇಖನಿ ಎತ್ತಿದರು. ಅತ್ತೆ ತಡೆದಳು.

"ಸೇತುವೆ ಅಂದ್ರೆ ರಾಮ ಕಟ್ಟಿದ್ದು. ಹಂಗೆ ಕೇಳಿದ್ರೆ ಮಡಿಕೇರೀಲಿ ನಗ್ತಾರೆ, ಕೊಡಕಿಲ್ಲ. ಅಧ್ಯಕ್ಷರು ಅಂದಂಗೆ ಪಾಲ ಅಂತ ಬರೀರಿ. ಸಣ್ಣ ಮಾತು. ಸಣ್ಣದು ಕೇಳಿದ್ರೆ ಸಣ್ಣದಾದ್ರೂ ಸಿಕ್ಕೀತು."

ತಮ್ಮ ಮಾತು ಸರ್ಕಾರದ ಕಾಗದ ಹತ್ತುವುದೆಂದು ಅಧ್ಯಕ್ಷರಿಗೂ ಖುಷಿ. "ನಮ್ಮ ಊರಿಗೂ ಆಚೆ ಊರಿಗೂ ನಡುವೆ ಜರೂರಾಗಿ ಪಾಲ ಮಾಡಿಕೊಡಬೇಕು" ಎಂದು ಬರೆದು ಕಳಿಸಿದರು.

ಮಡಿಕೇರಿಯ ಕಛೇರಿಯಲ್ಲಿ ಅದು ಯಾರ ಮೇಜಿಗೆ ಬರಬೇಕು? ಮೈಸೂರು ಸೀಮೆಯಿಂದ ಹೊಸದಾಗಿ ಬಂದಿದ್ದ ಒಬ್ಬ ಸಜ್ಜನರ ಮೇಜಿಗೆ! ಪಾಲ ಎಂಬ ಪದವನ್ನೇ ಅವರು ಕೇಳಿರಲಿಲ್ಲ. ಹಳ್ಳಿಯವರು ಲಕಾರಕ್ಕೆ ಕೊಂಬು ಕೊಡುವುದನ್ನು ಮರೆತಿದ್ದಾರೆ, ಪಾಪ, ಎಂದುಕೊಂಡು ತಾವೇ ಒಂದು ಕೊಂಬು ಕೊಟ್ಟರು. ಪಾಲ ಹೋಗಿ ಪಾಲು ಆಯಿತು. ಎರಡು ಊರುಗಳ ನಡುವೆ ಜರೂರಾಗಿ ಪಾಲು ಮಾಡಿಕೊಡಬೇಕು! ಆ ಕೊಂಬು ಅಲ್ಲಿಂದ ನೇರ ಬಂದು ನಮ್ಮನ್ನೇ ತಿವಿಯಿತು.

ಕಾಫಿ ಹೂವು ಉದುರಿದ ಮೇಲೆ ಸರ್ವೆಯವನು ಸರಪಳಿ ಹೊರಿಸಿಕೊಂಡು ಬಂದ. ಬಂದವನು ನಮ್ಮ ಕಡೆಗಾದರೂ ಬರಬಾರದೇ? ಮೊದಲು ಹೋದದ್ದು ಆಚೆ ದಡಕ್ಕೆ. ತೊರೆಯ ಪಕ್ಕದ ಗದ್ದೆ ಯಾರದೆಂದು ವಿಚಾರಿಸಿದರೆ, ಗೌರಿಯ ಮಾವನದು. ಈಚೆ ಊರಿನ ಪಂಚಾಯ್ತಿಯವರು ಪಾಲು ಕೇಳಿದ್ದಾರೆ, ಅಳೆಯಬೇಕು ಎಂದು ಸರ್ವೆಯವನು ಸರಪಳಿ ಬಿಚ್ಚಿದ. ಆ ಪಂಚಾಯ್ತಿಯಲ್ಲಿ ತನ್ನ ಬೀಗಿತ್ತಿಯೇ ಕೂತಿದ್ದಾಳೆಂದು ಗೌರಿಯ ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನವೂ ಜಗಳವಾಡದ ಎರಡು ಊರುಗಳು ಅಂದು ಸಂಜೆಯೊಳಗೆ ದಾಯಾದಿಗಳಾದವು. ವಿಷಯ ಏನೆಂದು ಕೇಳಲು ಹೋದ ನನ್ನನ್ನು ಆತ ಅಂಗಳಕ್ಕೂ ಬಿಡದೆ ಮಾತು ಮುಗಿಸಿದರು.

"ನಿಮ್ಮತ್ತೆಗೆ ಹೇಳು. ಹೆಣ್ಣು ಕೊಟ್ಟು ಗದ್ದೆ ಕೇಳೋರ ಮನೆಗೆ ನನ್ನ ಸೊಸೆ ಹೆರಿಗೆಗೆ ಬರಾಕಿಲ್ಲ."

ಅಧ್ಯಕ್ಷರು ಸ್ವತಃ ಹೋಗಿ, ಅದು ಪಾಲು ಅಲ್ಲ, ಪಾಲ ಎಂದು ತಿಳಿಸಿ ಹೇಳಿದರು. ಆತನಿಗೆ ಅರ್ಥವಾಯಿತು. ಆದರೆ ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಊರೆಲ್ಲ ಕೇಳುವಂತೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಾಯಿ ಆತನಿಗೂ ಇರಲಿಲ್ಲ. ಅತ್ತೆ ಒಮ್ಮೆ ತೊರೆ ದಾಟಿ ಹೋಗಿ ಮಗಳನ್ನು ನೋಡಿಕೊಂಡು ಬಂದಳು. ಬೀಗರು ಹೊರಗೆ ಬರಲೂ ಇಲ್ಲ, ಕೂತುಕೋ ಎನ್ನಲೂ ಇಲ್ಲ. ಕರೆಯದ ಮನೆಗೆ ಹೋಗಿ ಉಳಿಯುವುದಾದರೂ ಹೇಗೆ? ಪಂಚಾಯ್ತಿ ಮತ್ತೆ ಸಭೆ ಸೇರಿ, ಈ ಸಲ ಸೇತುವೆ ಎಂದೇ ದಪ್ಪ ಅಕ್ಷರದಲ್ಲಿ ಬರೆಯಿತು. ರಾಜ್ಯ ಮೈಸೂರಿಗೆ ಸೇರುವುದರಲ್ಲಿದೆ, ಹೊಸ ಕಾಮಗಾರಿಗಳನ್ನು ಮುಂದೆ ಬರುವ ಸರ್ಕಾರ ನೋಡಿಕೊಳ್ಳುತ್ತದೆ ಎಂದು ಉತ್ತರ ಬಂತು. ರಾಜ್ಯವೇ ಕೊಚ್ಚಿಕೊಂಡು ಹೋಗುವಾಗ ನಮ್ಮ ಎರಡು ದಿಮ್ಮಿ ಯಾವ ಲೆಕ್ಕ ಎಂದಳು ಅತ್ತೆ. ಆಮೇಲೆ ಅವಳು ಸಭೆಗೆ ಬರಲಿಲ್ಲ. ತಾನು ಹೇಳಿ ಬರೆಸಿದ ಪದವೇ ತನ್ನ ಮಗಳಿಗೆ ಅಡ್ಡ ಬಂತಲ್ಲ ಎಂಬುದು ಅವಳನ್ನು ಒಳಗೇ ತಿನ್ನುತ್ತಿತ್ತು.

ಮಳೆ ಹಿಡಿಯಿತು. ದಿಮ್ಮಿಗಳು ಮೊದಲ ವಾರದಲ್ಲೇ ಹೋದವು.

ಆಷಾಢದಲ್ಲಿ ಒಂದು ಬೆಳಿಗ್ಗೆ ಆಚೆ ಅಂಗಳದಲ್ಲಿ ಜನ ಓಡಾಡುವುದು ಕಂಡಿತು. ಬಚ್ಚಲ ಒಲೆಯ ಹೊಗೆ ನಿಲ್ಲದೆ ಏಳುತ್ತಿತ್ತು. ಅತ್ತೆ ಮಳೆಗೆ ಎಲೆಯ ಗೊರಗವನ್ನೂ ಹೊದೆಯದೆ ತೊರೆಯ ದಡಕ್ಕೆ ಓಡಿದಳು. ನಾನು ಹಿಂದೆ ಹೋದೆ. ಕೆಂಪು ನೀರು ದಡದ ಬಿದಿರನ್ನು ಬುಡಸಹಿತ ಎಳೆಯುತ್ತಿತ್ತು. ಕೂಗಿದರೆ ನಮ್ಮ ಕೂಗು ನಮಗೇ ಕೇಳಿಸದು. ಅತ್ತೆ ಆಚೆ ಮನೆಯ ಬಾಗಿಲನ್ನೇ ನೋಡುತ್ತ, "ಉಳಿಯಕಿಲ್ಲ, ನನ್ನ ಮಗಳು ಉಳಿಯಕಿಲ್ಲ" ಎಂದು ಗೊಣಗುತ್ತಿದ್ದಳು. ನನಗೆ ರೇಗಿತು. ಇಂಥ ಹೊತ್ತಿನಲ್ಲಾದರೂ ಒಳ್ಳೆಯ ಮಾತಾಡು ಅತ್ತೆ ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ನಾಲ್ಕು ಹೆರುವಾಗ್ಲೂ ಒಳ್ಳೇದೇ ಅಂದಿದ್ದೆ ಕಣ್ಲಾ. ರಾಜನಂಗೆ ಬೆಳೀತದೆ, ನೂರು ವರ್ಷ ಬಾಳ್ತದೆ ಅಂತ. ನಾಲ್ಕೂ ಹೋದೊ. ಗೌರಿ ಹುಟ್ಟುವಾಗ ಇದೂ ಉಳಿಯಕಿಲ್ಲ ಅಂದುಬುಟ್ಟೆ. ಉಳೀತು." ಆಮೇಲೆ ನನ್ನ ತೋಳು ಹಿಡಿದು, "ನೀನೂ ಅನ್ನು ಮಗ. ಒಬ್ಬಳ ಬಾಯಿ ಸಾಲದು" ಎಂದಳು.

ನಾವು ಇಷ್ಟು ವರ್ಷ ಅಣಕಿಸಿ ನಕ್ಕದ್ದು ಅವಳ ಹರಕೆಯನ್ನು. ಅಪಶಕುನ ಎಂದು ಊರು ಬಾಗಿಲು ಹಾಕಿಕೊಂಡದ್ದೂ ಅದಕ್ಕೇ. ಊರಿನ ಎಲ್ಲ ಕೂಸುಗಳನ್ನೂ, ದಾರಿ ಹೊರಟವರನ್ನೂ, ಪರೀಕ್ಷೆಗೆ ಕೂತ ನನ್ನನ್ನೂ ಅವಳು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಕಾಯುತ್ತಿದ್ದಳು. ಆ ಮಳೆಯಲ್ಲಿ ನಿಂತು ನಾನೂ ಅಂದೆ. ಗೌರಿ ಉಳಿಯುವುದಿಲ್ಲ, ಉಳಿಯುವುದಿಲ್ಲ. ದೇವರ ಮುಂದೆ ಕೂಡ ನಾನು ಅಷ್ಟು ಭಯಭಕ್ತಿಯಿಂದ ಏನನ್ನೂ ಕೇಳಿಕೊಂಡಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಗೌರಿಯ ಮಾವ ಹೊರಗೆ ಬಂದರು. ಗದ್ದೆಯ ಕೆಸರಿನಲ್ಲಿ ಇಳಿದು ನೀರಿನ ಅಂಚಿನವರೆಗೂ ಬಂದು ನಿಂತರು. ಏನೋ ಕೂಗಿದರು, ಕೇಳಿಸಲಿಲ್ಲ. ಆಮೇಲೆ ಎರಡು ಕೈಗಳನ್ನೂ ಕೂಸನ್ನು ಎತ್ತಿಕೊಂಡ ಹಾಗೆ ಮಾಡಿ, ಹಾಗೆಯೇ ಬಿಡಿಸಿ ಬರಿಗೈ ತೋರಿಸಿದರು. ಅತ್ತೆ ಕುಸಿದು ಕೂತಳು. ಆತ ಅವಸರವಾಗಿ ಅವಳಲ್ಲ, ಅವಳಲ್ಲ ಎಂಬಂತೆ ಕೈ ಆಡಿಸಿ, ಬಿದ್ದು ಎದ್ದು ಮನೆಗೆ ಓಡಿದರು. ಒಂದಿಷ್ಟು ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಹೆಂಗಸರು ಕಂಡರು. ಅವರ ನಡುವೆ, ಕಂಬಳಿ ಹೊದಿಸಿ ಹಿಡಿದು ನಿಲ್ಲಿಸಿದ್ದ ಗೌರಿ. ಹೆತ್ತ ಹಸಿ ಮೈಯಲ್ಲಿ ಅವಳನ್ನು ಅಲ್ಲಿಯವರೆಗೆ ತಂದದ್ದು, ಈಚೆ ದಡದಲ್ಲಿ ಕೂತವಳು ಕಣ್ಣಾರೆ ನೋಡಲಿ ಎಂದು. ತರಿಸಿದವರು ಆ ಮಾವನೇ.

ಅತ್ತೆ ಎದ್ದು ನಿಂತು ಬೈಯತೊಡಗಿದಳು. ಬಾಣಂತಿಯನ್ನು ಗಾಳಿಗೆ ನಿಲ್ಲಿಸಿದ್ದಾರೆ, ಇವರಿಗೆ ಬುದ್ಧಿ ಇಲ್ಲ, ಒಳಗೆ ಹೋಗೇ, ಕಿವಿಗೆ ಬಟ್ಟೆ ಕಟ್ಟಿಕೊಳ್ಳೇ ಎಂದು ಬೀಗರನ್ನೂ ಮಗಳನ್ನೂ ಸೇರಿಸಿ ಬೈದಳು. ಅವರಿಗೆ ಒಂದು ಅಕ್ಷರವೂ ಕೇಳಿಸಿರಲಾರದು. ಗೌರಿ ನಿಧಾನವಾಗಿ ಕೈ ಎತ್ತಿದಳು. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋದರು.

ಕತ್ತಲಾಗುವ ಮುಂಚೆ ನಾನು ಅತ್ತೆಯನ್ನು ಮನೆಗೆ ಹೊರಡಿಸಿದೆ. ಬದು ಜಾರುತ್ತಿತ್ತು, ಅವಳ ಕೈ ಹಿಡಿದುಕೊಂಡಿದ್ದೆ. ಅರ್ಧ ದಾರಿಯಲ್ಲಿ ಅವಳು ನಿಂತುಬಿಟ್ಟಳು.

"ಮಗಳದ್ದೇ ಅಂತಿದ್ದೆ ಕಣ್ಲಾ ಬೆಳಗಿಂದ," ಎಂದಳು. "ಕೂಸಿಂದು ಅನ್ನೋದೇ ಮರ್ತುಬುಟ್ಟೆ."